ಒದೆತ ಕಡಿಮೆಯಿರುವ .357 ರೈಫಲ್ಲಿನಲ್ಲಿ ಜಿಂಕೆ ಬೇಟೆ: ಎಷ್ಟು ದೂರದವರೆಗೆ ಸರಿ?

ಹೊಳೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಹಾಯೊ ರಾಜ್ಯದಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯ ಬೇಟೆಗೆ ಹೋಗುವವನು. ಇಷ್ಟು ವರ್ಷವೂ 12 ಗೇಜಿನ ಶಾಟ್‌ಗನ್ನಿಗೆ ಸ್ಲಗ್ (ಒಂದೇ ದೊಡ್ಡ ಗುಂಡಿರುವ ತೋಟಾ) ಹಾಕಿಕೊಂಡೇ ಬೇಟೆಯಾಡಿದ್ದೇನೆ. ಈಚೆಗೆ ಬಲಭುಜದ ಶಸ್ತ್ರಚಿಕಿತ್ಸೆಯಾಯಿತು. ಬಂದೂಕನ್ನು ಮುಟ್ಟಲೇಬೇಡಿ ಎಂದು ವೈದ್ಯರು ಹೇಳಲಿಲ್ಲ. ಆದರೆ ಸ್ಲಗ್ಗಿನಂಥ ಒದೆತ ಆ ಭುಜಕ್ಕೆ ಇನ್ನು ಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಆದ್ದರಿಂದ ಪಿಸ್ತೂಲಿನ ತೋಟಾ ಹಾರಿಸುವ ಹಗುರವಾದ ರೈಫಲ್ಲೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಸದ್ಯಕ್ಕೆ ಮನಸ್ಸು .357 ಮ್ಯಾಗ್ನಮ್ ಲಿವರ್ ರೈಫಲ್ಲಿನ (ಕೆಳಗಿನ ಹಿಡಿಯನ್ನು ಎಳೆದು ಮುಚ್ಚಿ ತೋಟಾ ಏರಿಸುವಂಥದ್ದು) ಕಡೆಗಿದೆ.

ನಾನು ಕೂರುವ ಅಟ್ಟಣೆ ಕಾಡಿನ ಅಂಚಿನಲ್ಲಿದೆ. ಅಲ್ಲಿಂದ ಜಿಂಕೆ ಕಾಣಿಸುವುದೇ 40ರಿಂದ 80 ಗಜಗಳ ಒಳಗೆ. 100 ಗಜ ದಾಟಿ ಗುಂಡು ಹಾರಿಸುವ ಸಂದರ್ಭ ನನಗೆ ಬರುವುದಿಲ್ಲ. ಜೊತೆಗೆ ಬರುವ ಗೆಳೆಯರಲ್ಲಿ ಒಬ್ಬರು, ಪಿಸ್ತೂಲಿನ ತೋಟಾದಿಂದ ಜಿಂಕೆಯನ್ನು ಗಾಯಗೊಳಿಸಬಹುದೇ ಹೊರತು ಕೆಡವಲಾಗದು ಎನ್ನುತ್ತಾರೆ. ಇನ್ನೊಬ್ಬರು .44 ಮ್ಯಾಗ್ನಮ್ ತೆಗೆದುಕೊಳ್ಳಿ, ಅದೂ ಹಗುರವೇ ಎನ್ನುತ್ತಾರೆ. ನನ್ನಲ್ಲಿ ಗುರಿ ಅಭ್ಯಾಸಕ್ಕೆಂದು ಇಟ್ಟುಕೊಂಡ 9 ಮಿಮೀ ಕಾರ್ಬೈನ್ ಒಂದಿದೆ. ಅದೇ ಸಾಕಾಗುವುದಾದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ. ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಕೋವಿ

ಮೊದಲು 9 ಮಿಮೀ ವಿಷಯವನ್ನು ಮುಗಿಸಿಬಿಡುತ್ತೇನೆ. ಒಹಾಯೊದಲ್ಲಿ 2014ರ ಋತುವಿನಿಂದ ನೇರ ಗೋಡೆಯ (ಬಾಯಿಯ ಬಳಿ ಕತ್ತಿನಂತೆ ಕಿರಿದಾಗದ) ತೋಟಾ ಬಳಸುವ ರೈಫಲ್ಲುಗಳಿಗೆ ಜಿಂಕೆ ಬೇಟೆಯಲ್ಲಿ ಅವಕಾಶ ಸಿಕ್ಕಿದೆ, ಆದರೆ ಕ್ಯಾಲಿಬರ್ (ಇಂಚಿನಲ್ಲಿ ಗುಂಡಿನ ವ್ಯಾಸ) .357ಕ್ಕಿಂತ ಕಡಿಮೆಯಿರಬಾರದು, .50 ಮೀರಬಾರದು. 9 ಮಿಮೀ ಗುಂಡಿನ ವ್ಯಾಸ .355 ಇಂಚು. ಅಂದರೆ ಕೂದಲೆಳೆಯ ಅಂತರದಲ್ಲಿ ಅದು ಹೊರಗುಳಿಯಿತು. ಕಾನೂನು ಬಿಟ್ಟುಕೊಟ್ಟಿದ್ದರೂ ನಾನು ಅದನ್ನು ಸೂಚಿಸುತ್ತಿರಲಿಲ್ಲ. ಅದರ ಮದ್ದು ಬೇಗ ಉರಿದು ಮುಗಿಯುವಂಥದ್ದು, ಪ್ರಮಾಣವೂ ಕಡಿಮೆ. ನಳಿಗೆಯನ್ನು 16 ಇಂಚಿಗೆ ಉದ್ದ ಮಾಡಿದರೂ ಗುಂಡು ಗಳಿಸುವ ಹೆಚ್ಚುವರಿ ವೇಗ ಅಷ್ಟಕ್ಕಷ್ಟೇ.

.357ರ ಕಥೆ ಬೇರೆ. 1935ರಲ್ಲಿ ರಿವಾಲ್ವರ್‌ಗೆಂದು ಹುಟ್ಟಿದ ಈ ತೋಟಾದೊಳಗೆ ನಿಧಾನವಾಗಿ ಉರಿಯುವ ಮದ್ದು ಧಾರಾಳವಾಗಿ ಹಿಡಿಯುತ್ತದೆ. ನಾಲ್ಕಿಂಚಿನ ರಿವಾಲ್ವರ್ ನಳಿಗೆಯಲ್ಲಿ ಆ ಮದ್ದು ಪೂರ್ತಿ ಕೆಲಸ ಮಾಡುವ ಮೊದಲೇ ಗುಂಡು ಹೊರಬಿದ್ದಿರುತ್ತದೆ, ಉಳಿದದ್ದು ಬಾಯಲ್ಲಿ ಬೆಂಕಿಯಾಗಿ, ಸದ್ದಾಗಿ ಹೋಗುತ್ತದೆ. ಅದೇ ತೋಟಾವನ್ನು ರೈಫಲ್ಲಿನ ನಳಿಗೆಗೆ ಹಾಕಿದಾಗ ಒತ್ತಡಕ್ಕೆ ಗುಂಡನ್ನು ತಳ್ಳಲು ಬೇಕಾದಷ್ಟು ಹಾದಿ ಸಿಗುತ್ತದೆ. ರಿವಾಲ್ವರ್‌ನಲ್ಲಿ 158 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1235 ಅಡಿ ವೇಗದಲ್ಲಿ 535 ಅಡಿ-ಪೌಂಡ್ ಶಕ್ತಿ ಹೊತ್ತು ಹೊರಟರೆ, ರೈಫಲ್ಲಿನಿಂದ ಅದೇ ತೂಕದ ಗುಂಡು 1830 ಅಡಿ ವೇಗದಲ್ಲಿ 1175 ಅಡಿ-ಪೌಂಡ್ ಹೊತ್ತು ಹೊರಡುತ್ತದೆ ಎಂದು ತಯಾರಕರ ಪಟ್ಟಿಗಳು ತೋರಿಸುತ್ತವೆ. ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹಾಗಾಗಿ ನಿಮ್ಮ ಗೆಳೆಯರು "ಪಿಸ್ತೂಲಿನ ತೋಟಾ" ಎಂದು ಮೂಗು ಮುರಿಯುವಾಗ ಅವರ ಮನಸ್ಸಿನಲ್ಲಿರುವುದು ರಿವಾಲ್ವರ್‌ನ ಲೆಕ್ಕವೇ ಹೊರತು ರೈಫಲ್ಲಿನದ್ದಲ್ಲ.

ಆದರೆ ಈ ವೇಗದಲ್ಲೇ ಒಂದು ಅಪಾಯವೂ ಅಡಗಿದೆ, ಮತ್ತು .357 ಬಗ್ಗೆ ಕೇಳಿಬರುವ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 125 ಗ್ರೇನ್‌ನ ಟೊಳ್ಳುಮೂತಿ ಗುಂಡನ್ನು ಆತ್ಮರಕ್ಷಣೆಗೆಂದು, ರಿವಾಲ್ವರ್‌ನ ವೇಗದಲ್ಲಿ ಅರಳುವಂತೆ ಮಾಡಿರುತ್ತಾರೆ. ರೈಫಲ್ಲಿನಲ್ಲಿ ಅದು 2000 ಅಡಿ ವೇಗವನ್ನೂ ದಾಟುತ್ತದೆ. ಹತ್ತಿರದ ಜಿಂಕೆಯ ಭುಜದ ಮೂಳೆಗೆ ಆ ವೇಗದಲ್ಲಿ ತಾಗಿದರೆ ಗುಂಡು ಮೇಲ್ಮೈಯಲ್ಲೇ ಚೂರುಚೂರಾಗಿ, ಅಗಲವಾದ ಆದರೆ ಆಳವಿಲ್ಲದ ಗಾಯ ಮಾಡಿ ನಿಂತುಬಿಡುತ್ತದೆ. ಜಿಂಕೆ ಓಡಿಹೋಗುತ್ತದೆ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ ಅಥವಾ ಸಾಯದೆ ಉಳಿಯುತ್ತದೆ. ಇಂಥದ್ದನ್ನು ಕಂಡವರು ತೋಟಾವನ್ನೇ ಬೈಯುತ್ತಾರೆ, ಗುಂಡನ್ನು ಬೈಯುವುದಿಲ್ಲ. 158 ಗ್ರೇನ್‌ನ ಮೆದುಮೂತಿಯ ಕವಚದ ಗುಂಡು, 180 ಗ್ರೇನ್‌ನ ಬೇಟೆ ಗುಂಡು, ಇಲ್ಲವೇ ಪೂರ್ತಿ ತಾಮ್ರದಲ್ಲಿ ಮಾಡಿದ 140 ಗ್ರೇನ್‌ನದು, ಈ ಮೂರರಲ್ಲಿ ನಿಮ್ಮ ರೈಫಲ್ ಯಾವುದನ್ನು ಚೆನ್ನಾಗಿ ಗುರಿಗೆ ಹಾಕುತ್ತದೆಯೋ ಅದನ್ನು ಆರಿಸಿಕೊಳ್ಳಿ. ಗಟ್ಟಿಸೀಸದ ಎರಕದ ಗುಂಡು ಬೇಕೆಂದರೆ ಮೂತಿ ಅಗಲವಾಗಿ ಚಪ್ಪಟೆಯಾಗಿರಲಿ. ಅದು ಅರಳುವುದಿಲ್ಲ, ಆದರೆ ಈ ಕಡೆಯಿಂದ ಆ ಕಡೆಗೆ ತೂರಿಕೊಂಡು ಹೋಗುತ್ತದೆ.

ನೀವು ಹೇಳಿದ 40-80 ಗಜಕ್ಕೆ .357 ಸಾಕು. 100 ಗಜವನ್ನು ನಾನು ಬೇಲಿ ಎಂದು ತಿಳಿಯುತ್ತೇನೆ.

ಬೆಟ್ಟದ ಗಾಳಿ

ಹಳೆಕೋವಿಯವರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಕೊನೆಯ ಮಾತಿನ ಬಗ್ಗೆ ಮಾತ್ರ ತಕರಾರಿದೆ. 158 ಗ್ರೇನ್ ಗುಂಡಿನ 1175 ಅಡಿ-ಪೌಂಡ್ ಶಕ್ತಿ 100 ಗಜ ತಲುಪುವಷ್ಟರಲ್ಲಿ 715ಕ್ಕೆ ಇಳಿಯುತ್ತದೆ. ಗುಂಡು ಮೊಂಡಾಗಿ, ಗಿಡ್ಡವಾಗಿ ಇರುವುದರಿಂದ ಗಾಳಿಯಲ್ಲಿ ಬೇಗ ಸೊರಗುತ್ತದೆ. ಜಿಂಕೆಗೆ ತಾಗುವಾಗ ಕನಿಷ್ಠ 1000 ಅಡಿ-ಪೌಂಡ್ ಇರಬೇಕು ಎಂಬ ಹಳೆಯ ರೂಢಿಯನ್ನು ಒಪ್ಪಿದರೆ .357 ಐವತ್ತು ಗಜದಲ್ಲೇ ಸೋತಿರುತ್ತದೆ. .44 ಮ್ಯಾಗ್ನಮ್‌ನ 240 ಗ್ರೇನ್ ಗುಂಡಾದರೋ 1760 ಅಡಿ ವೇಗದಲ್ಲಿ ಹೊರಟು 100 ಗಜದಲ್ಲೂ 1015 ಅಡಿ-ಪೌಂಡ್ ಉಳಿಸಿಕೊಂಡಿರುತ್ತದೆ.

ಇದು ಬರೀ ರೂಢಿಯ ಮಾತೂ ಅಲ್ಲ. ಕೊಲೊರಾಡೊ ರಾಜ್ಯದ ನಿಯಮದಲ್ಲಿ, ತಯಾರಕರ ಪಟ್ಟಿಯ ಪ್ರಕಾರ 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಇರಲೇಬೇಕೆಂದು ಬರೆದಿದೆ. ಅಲ್ಲಿ ಈ .44 ಹೊಸ್ತಿಲು ದಾಟುತ್ತದೆ, ಆ .357 ಹೊರಗೇ ನಿಲ್ಲಬೇಕಾಗುತ್ತದೆ. ಮಿಷಿಗನ್‌ನ ದಕ್ಷಿಣ ಭಾಗಕ್ಕೆ 2014ರಲ್ಲಿ ತಂದ ನಿಯಮದ ಅಳತೆಗೋಲೇ ಬೇರೆ: ಕ್ಯಾಲಿಬರ್ .35 ಅಥವಾ ಹೆಚ್ಚು, ತೋಟಾದ ಖಾಲಿ ಕೊಳವೆಯ ಉದ್ದ 1.16 ಇಂಚಿನಿಂದ 1.80 ಇಂಚಿನೊಳಗೆ. 1.29 ಇಂಚಿನ .357 ಮ್ಯಾಗ್ನಮ್ ಅದಕ್ಕೆ ಸಲ್ಲುತ್ತದೆ. ಒಂದು ಇಂಚನ್ನೂ ಮುಟ್ಟದ 10 ಮಿಮೀ, .45 ಎಸಿಪಿ ಎಂಬ ಪಿಸ್ತೂಲಿನ ತೋಟಾಗಳು ಸಲ್ಲುವುದಿಲ್ಲ. ಇವು ಆಗಾಗ ತಿದ್ದುಪಡಿಯಾಗುವ ನಿಯಮಗಳು, ಆದ್ದರಿಂದ ಪ್ರತಿ ಋತುವಿಗೂ ಮೊದಲು ಆಯಾ ರಾಜ್ಯದ ವನ್ಯಜೀವಿ ಇಲಾಖೆ ಹೊರಡಿಸುವ ಕೈಪಿಡಿಯನ್ನು ನೋಡಿಕೊಳ್ಳಬೇಕು. ನಿಮ್ಮ ರಾಜ್ಯದಲ್ಲಿ ಇನ್ನೊಂದು ಮಿತಿಯೂ ಇದೆ: ಮ್ಯಾಗಜೀನ್ ಮತ್ತು ಚೇಂಬರ್ ಎರಡೂ ಸೇರಿ ಮೂರಕ್ಕಿಂತ ಹೆಚ್ಚು ತೋಟಾ ತುಂಬುವಂತಿಲ್ಲ. ಲಿವರ್ ರೈಫಲ್ಲಿನ ಕೊಳವೆಯಲ್ಲಿ ಎಂಟೊಂಬತ್ತು ಹಿಡಿಯುತ್ತದೆಂಬ ಕಾರಣಕ್ಕೆ ತುಂಬಿಸಿಕೊಂಡು ಹೊರಟೀರಿ.

ಪ್ರಶ್ನೆ ಕೇಳಿದವರಿಗೆ ಸಂಬಂಧಿಸಿಲ್ಲದಿದ್ದರೂ ಇಲ್ಲಿ ಓದುವ ಅನೇಕರಿಗೆ ಬೇಕಾಗುವ ಮಾತೊಂದಿದೆ. ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಉಂಟು. ಪರವಾನಗಿಯ ಅವಧಿ ತೀರಿದರೆ ಆ ವಿನಾಯಿತಿಯೂ ತೀರಿತು. ಗೆಳೆಯರ ರೈಫಲ್ಲನ್ನು ಒಂದು ದಿನದ ಮಟ್ಟಿಗೆ ಹಿಡಿಯುವವರಿಗೂ ಇದು ಅನ್ವಯಿಸುತ್ತದೆ.

ಹಳೆಕೋವಿ

ಕಾನೂನಿನಲ್ಲಿ ಬರೆದಿರುವ ಸಂಖ್ಯೆಯನ್ನು ಪಾಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಂಖ್ಯೆ ಜಿಂಕೆ ಹೇಗೆ ಸಾಯುತ್ತದೆ ಎಂಬುದನ್ನು ವಿವರಿಸುವುದಿಲ್ಲ. ಬಿಲ್ಲಿನಿಂದ ಹೊರಟ ಬಾಣದಲ್ಲಿ ನೂರು ಅಡಿ-ಪೌಂಡ್ ಶಕ್ತಿಯೂ ಇರುವುದು ಅಪರೂಪ; ಆದರೂ ಎರಡು ಶ್ವಾಸಕೋಶಗಳನ್ನೂ ಸೀಳಿಕೊಂಡು ಹೋದ ಬಾಣದಿಂದ ಜಿಂಕೆ ನೂರು ಗಜದೊಳಗೆ ಬೀಳುವುದನ್ನು ಬಿಲ್ಲುಬೇಟೆಗಾರರೆಲ್ಲ ಬಲ್ಲರು. ಕೊಲ್ಲುವುದು ರಕ್ತಸ್ರಾವ ಮತ್ತು ಕುಸಿದ ಶ್ವಾಸಕೋಶ. ಗುಂಡಿನ ಶಕ್ತಿ ಬೇಕಾಗುವುದು ಅಲ್ಲಿಯವರೆಗೆ ತಲುಪಲು ಮತ್ತು ಹಾದಿಯಲ್ಲಿ ತಕ್ಕಮಟ್ಟಿಗೆ ಅರಳಲು. 100 ಗಜದಲ್ಲಿ 158 ಗ್ರೇನ್ ಗುಂಡಿಗೆ ಇನ್ನೂ 1400 ಅಡಿಗಿಂತ ಹೆಚ್ಚು ವೇಗವಿರುತ್ತದೆ. ಅದು ರಿವಾಲ್ವರ್‌ನ ಬಾಯಿಯಲ್ಲಿರುವ ವೇಗಕ್ಕಿಂತ ಜಾಸ್ತಿ, ಅಂದರೆ ಆ ಗುಂಡು ಅರಳಲೆಂದೇ ತಯಾರಾದ ವೇಗದ ವ್ಯಾಪ್ತಿಯೊಳಗೇ ಇದೆ.

ನನ್ನ ಪ್ರಕಾರ 100 ಗಜದಾಚೆ ನಿಜವಾದ ತೊಡಕು ಶಕ್ತಿಯದ್ದಲ್ಲ, ಬೀಳುವಿಕೆಯದ್ದು. 100 ಗಜಕ್ಕೆ ಸೈಟನ್ನು ಹೊಂದಿಸಿದ ಇಂಥ ರೈಫಲ್ಲಿನಲ್ಲಿ ಗುಂಡು 50 ಗಜದಲ್ಲಿ ಒಂದೂವರೆ ಇಂಚಿನಷ್ಟು ಮೇಲಿರುತ್ತದೆ, ಅದರಿಂದ ಬಾಧಕವಿಲ್ಲ. 150 ಗಜದಲ್ಲಿ ಆರು ಇಂಚಿನ ಆಸುಪಾಸು ಕೆಳಗಿರುತ್ತದೆ. 200 ಗಜದಲ್ಲಿ, .44ರ ಗುಂಡು ಕೂಡ, ಒಂದೂವರೆ ಅಡಿ ಕೆಳಗಿರುತ್ತದೆ. ಜಿಂಕೆಯ ಹೃದಯ-ಶ್ವಾಸಕೋಶದ ಜಾಗವೇ ಎಂಟು ಇಂಚಿನ ತಟ್ಟೆಯಷ್ಟು. ದೂರವನ್ನು ಮೂವತ್ತು ಗಜ ತಪ್ಪಾಗಿ ಅಂದಾಜಿಸಿದರೆ ಸಾಕು, ಗುಂಡು ಎದೆಯ ಬದಲು ಕಾಲಿಗೆ ಹೋಗುತ್ತದೆ. .44 ಕೊಂಡ ಮಾತ್ರಕ್ಕೆ ಈ ತೊಡಕು ಬಗೆಹರಿಯುವುದಿಲ್ಲ.

ಹೊಳೆದಂಡೆ

ಇಬ್ಬರಿಗೂ ವಂದನೆಗಳು. 9 ಮಿಮೀ ಆಸೆಯನ್ನು ಬಿಟ್ಟೆ. ನನಗೆ ಮುಖ್ಯವಾದದ್ದು ಭುಜವಾದ್ದರಿಂದ ಒಂದು ವಿಷಯ ಇನ್ನೂ ಸ್ಪಷ್ಟವಾಗಬೇಕು: .44ರ ಒದೆತವೂ ಹಗುರವೇ ಎಂಬ ಮಾತು ಎಷ್ಟು ನಿಜ? ಲಿವರ್ ರೈಫಲ್ಲನ್ನು ನಾನು ಹಿಂದೆ ಬಳಸಿದವನಲ್ಲ. ಅದರಲ್ಲಿ ಗಮನಿಸಬೇಕಾದದ್ದು ಏನಾದರೂ ಇದ್ದರೆ ಅದನ್ನೂ ತಿಳಿಸಿ.

ಮರದ ಹಿಡಿ

ಒದೆತದ ಲೆಕ್ಕ ಸರಳವಾಗಿದೆ. ಗುಂಡಿನ ತೂಕ, ಅದರ ಹಿಂದೆ ಉರಿಯುವ ಮದ್ದಿನ ತೂಕ, ಅವೆರಡೂ ಹೊರಬೀಳುವ ವೇಗ, ಇವುಗಳಿಗೆ ಎದುರಾಗಿ ರೈಫಲ್ಲಿನ ತೂಕ. ಏಳು ಪೌಂಡಿನ ರೈಫಲ್ಲಿನಲ್ಲಿ 158 ಗ್ರೇನ್‌ನ .357 ಹಾರಿಸಿದರೆ ಭುಜಕ್ಕೆ ಬರುವುದು ಐದಾರು ಅಡಿ-ಪೌಂಡ್. ಅದೇ ತೂಕದ ರೈಫಲ್ಲಿನಲ್ಲಿ 240 ಗ್ರೇನ್‌ನ .44 ಹಾರಿಸಿದರೆ ಹನ್ನೊಂದು-ಹನ್ನೆರಡು, ಅಂದರೆ ಹೆಚ್ಚುಕಡಿಮೆ .30-30 ಬೇಟೆ ರೈಫಲ್ಲಿನಷ್ಟೇ. ಎಂಟು ಪೌಂಡಿನ .30-06ರಲ್ಲಿ ಇದು ಇಪ್ಪತ್ತರ ಹತ್ತಿರ ಹೋಗುತ್ತದೆ, 12 ಗೇಜಿನ ಸ್ಲಗ್ ಅದನ್ನೂ ಮೀರುತ್ತದೆ. ಸ್ಲಗ್ಗಿಗೆ ಒಗ್ಗಿದ ಆರೋಗ್ಯವಂತ ಭುಜದವರು .44 ಅನ್ನು ಹಗುರ ಎನ್ನುವುದು ಸಹಜ. ಶಸ್ತ್ರಚಿಕಿತ್ಸೆಯಾದ ಭುಜಕ್ಕೆ .357ರ ಎರಡರಷ್ಟು ಎಂಬುದೇ ಮುಖ್ಯ. ಅಭ್ಯಾಸದ ದಿನ ನೀವು ಒಂದೇ ಸಲ ಹಾರಿಸಿ ಮನೆಗೆ ಬರುವುದಿಲ್ಲವಲ್ಲ.

ಅಂಕಿಗಳಲ್ಲಿ ಕಾಣದ ವಿಷಯವೊಂದಿದೆ. ಹಳೆಯ ಮಾದರಿಯ ಕೆಲವು ಲಿವರ್ ರೈಫಲ್ಲುಗಳಲ್ಲಿ ಸ್ಟಾಕಿನ ತುದಿಗೆ ಅರ್ಧಚಂದ್ರದಂತೆ ಬಾಗಿದ ಉಕ್ಕಿನ ಅಥವಾ ಹಿತ್ತಾಳೆಯ ಪಟ್ಟಿ ಇರುತ್ತದೆ. ನೋಡಲು ಬಹಳ ಚೆಂದ. ಆದರೆ ಅದರ ಮೇಲಿನ ಮತ್ತು ಕೆಳಗಿನ ಎರಡು ಮೊನೆಗಳು ಭುಜದಲ್ಲಿ ಸರಿಯಾಗಿ ಕೂರದಿದ್ದರೆ ಐದು ಅಡಿ-ಪೌಂಡ್ ಕೂಡ ಆ ಮೊನೆಯ ಮೂಲಕವೇ ಒಳಗಿಳಿಯುತ್ತದೆ. ಚಪ್ಪಟೆಯಾದ, ಅಗಲವಾದ ರಬ್ಬರ್ ಮೆತ್ತೆ ಇರುವುದನ್ನೇ ಕೊಳ್ಳಿ. ಕೊಳ್ಳುವ ಮೊದಲು ಚಳಿಗಾಲದ ದಪ್ಪ ಕೋಟು ತೊಟ್ಟು ಒಮ್ಮೆ ಭುಜಕ್ಕೇರಿಸಿ ನೋಡಿ. ಬೇಟೆಯ ಋತುವಿನಲ್ಲಿ ನೀವು ಹಿಡಿಯುವುದು ಹಾಗೆಯೇ, ಅಂಗಿಯ ಮೇಲಲ್ಲ. ಕೋಟಿನ ದಪ್ಪಕ್ಕೆ ಸ್ಟಾಕು ಉದ್ದವೆನಿಸಿದರೆ ಜನ ಅದನ್ನು ಭುಜದ ಗುಳಿಯಿಂದ ಜಾರಿಸಿ ತೋಳಿನ ಮೇಲೆ ಇಟ್ಟುಕೊಳ್ಳುತ್ತಾರೆ, ಪೆಟ್ಟಾಗುವುದು ಆಗ. ತೀರಾ ಹಗುರವಾದ ರೈಫಲ್ಲಿನ ಆಸೆಯೂ ಬೇಡ. ಹೊತ್ತು ನಡೆಯಲು ಹಿತವಾದದ್ದು ಹಾರಿಸುವಾಗ ಹಿತವಾಗಿರುವುದಿಲ್ಲ.

ಲಿವರ್ ರೈಫಲ್ಲಿನ ಕೊಳವೆ ಮ್ಯಾಗಜೀನಿನಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ, ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪನ್ನು (ಪೆಟ್ಟು ಬಿದ್ದಾಗ ಮದ್ದಿಗೆ ಕಿಡಿ ಹೊತ್ತಿಸುವ ಭಾಗವನ್ನು) ಒತ್ತಿಕೊಂಡಿರುತ್ತದೆ. ಗಟ್ಟಿಯಾದ ಚೂಪುಮೂತಿಯ ಗುಂಡು ಅಲ್ಲಿದ್ದರೆ ಒದೆತದ ಅದುರಿಗೆ ಕೇಪು ಸಿಡಿದು ಕೊಳವೆಯೇ ಒಡೆಯಬಹುದು. ಆದುದರಿಂದ ಚಪ್ಪಟೆಮೂತಿಯದು, ಇಲ್ಲವೇ ಕೊಳವೆ ಮ್ಯಾಗಜೀನಿಗೆಂದೇ ಮೆದುವಾದ ಪ್ಲಾಸ್ಟಿಕ್ ತುದಿ ಇಟ್ಟು ಮಾಡಿದ್ದು, ಇವೆರಡನ್ನು ಬಿಟ್ಟು ಬೇರೆ ಬೇಡ. ಮೂತಿಯ ಆಕಾರ ಇನ್ನೊಂದು ಕಾರಣಕ್ಕೂ ಮುಖ್ಯವಾಗುತ್ತದೆ: ರಿವಾಲ್ವರ್‌ಗೆಂದು ಮಾಡಿದ, ಅಂಚು ಎದ್ದು ಕಾಣುವ ಗುಂಡುಗಳು ಕೆಲವು ಲಿವರ್ ರೈಫಲ್ಲುಗಳಲ್ಲಿ ಚೇಂಬರಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಬೇಟೆಗೆ ಆರಿಸಿದ ತೋಟಾವನ್ನೇ ಅಭ್ಯಾಸದ ಮೈದಾನದಲ್ಲಿ ಒಂದು ಪೆಟ್ಟಿಗೆಯಷ್ಟಾದರೂ ಹಾರಿಸಿ, ಲಿವರನ್ನು ಅಳುಕದೆ ಪೂರ್ತಿ ಎಳೆದು ಪೂರ್ತಿ ಮುಚ್ಚುವುದನ್ನು ಕೈಗೆ ಕಲಿಸಿರಿ. ಅರ್ಧಕ್ಕೆ ನಿಲ್ಲಿಸಿದ ಲಿವರ್‌ನಿಂದ ಆಗುವ ಸಿಕ್ಕು ರೈಫಲ್ಲಿನ ದೋಷವಲ್ಲ.

ಮುಂದೆಂದಾದರೂ .44 ಕೊಳ್ಳುವವರಿಗೆ ಒಂದು ಮಾತು: ಹಳೆಯ ಮಾರ್ಲಿನ್ 1894 ರೈಫಲ್ಲಿನ .44 ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೆರೆ 38 ಇಂಚಿಗೆ ಒಂದು ಸುತ್ತು. 240 ಗ್ರೇನ್‌ಗೆ ಅದು ಸರಿ, 300 ಗ್ರೇನ್‌ನ ಉದ್ದ ಗುಂಡನ್ನು ಅದು ಚೆನ್ನಾಗಿ ತಿರುಗಿಸಲಾರದು. .357 ರೈಫಲ್ಲುಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು ಇರುವುದರಿಂದ ನೀವು 180 ಗ್ರೇನ್‌ವರೆಗೆ ಚಿಂತಿಸಬೇಕಾಗಿಲ್ಲ. ಪಿಸ್ತೂಲಿನ ತೋಟಾವೇ ಆಗಬೇಕೆಂಬ ಹಟವಿಲ್ಲದಿದ್ದರೆ 2019ರಲ್ಲಿ ಬಂದ .350 ಲೆಜೆಂಡ್ ಅನ್ನೂ ನೋಡಬಹುದು, ಒದೆತದಲ್ಲಿ ಅದು.357 ಮತ್ತು .44ರ ನಡುವೆ ಬರುತ್ತದೆ, ದೂರದಲ್ಲಿ ಎರಡನ್ನೂ ಮೀರಿಸುತ್ತದೆ. ನಿಮ್ಮ ಅಟ್ಟಣೆಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಹೆಜ್ಜೆಜಾಡು

ರೈಫಲ್ಲಿನ ಬಗ್ಗೆ ಎಲ್ಲರೂ ಹೇಳಿದ್ದಾರೆ, ಗುಂಡು ತಾಗಿದ ಮೇಲಿನದನ್ನು ನಾನು ಸೇರಿಸುತ್ತೇನೆ. ಹೆಚ್ಚು ವೇಗದ ರೈಫಲ್ಲಿಗೆ ಒಗ್ಗಿದವರು ಜಿಂಕೆ ನಿಂತಲ್ಲೇ ಕುಸಿಯುವುದನ್ನು ನಿರೀಕ್ಷಿಸುತ್ತಾರೆ. .357ರಲ್ಲಿ ಹಾಗಾಗುವುದು ಕಡಿಮೆ. ಎರಡು ಶ್ವಾಸಕೋಶಕ್ಕೂ ಸರಿಯಾಗಿ ತಾಗಿದ ಜಿಂಕೆ ಏನೂ ಆಗದಂತೆ ನೆಗೆದು ಐವತ್ತು-ಅರವತ್ತು ಗಜ ಓಡಿ ಬೀಳುತ್ತದೆ. ಅದನ್ನು ಕಂಡು ಗುರಿ ತಪ್ಪಿತೆಂದು ತಿಳಿದು ಮನೆಗೆ ಹೋಗಬಾರದು. ಹಾರಿಸಿದ ಕ್ಷಣ ಜಿಂಕೆ ನಿಂತಿದ್ದ ಜಾಗವನ್ನೂ, ಕೊನೆಗೆ ಮರೆಯಾದ ಮರವನ್ನೂ ಗುರುತಿಟ್ಟುಕೊಂಡು ಅಟ್ಟಣೆಯಲ್ಲೇ ಅರ್ಧ ಗಂಟೆ ಕುಳಿತಿರಿ. ಕೆಳಗಿಳಿದಾಗ ಮೊದಲು ನಿಂತಿದ್ದ ಜಾಗಕ್ಕೆ ಹೋಗಿ ನೋಡಿ. ತಿಳಿಗೆಂಪಿನ, ನೊರೆನೊರೆಯಾದ ರಕ್ತ ಎಲೆಗಳ ಮೇಲಿದ್ದರೆ ಶ್ವಾಸಕೋಶಕ್ಕೆ ತಾಗಿದೆ, ಜಾಡು ಹಿಡಿಯಬಹುದು. ಕಪ್ಪುಗೆಂಪಾಗಿದ್ದರೆ ಯಕೃತ್ತು ಇರಬಹುದು, ಇನ್ನೂ ಕೆಲವು ಗಂಟೆ ಕಾಯಬೇಕು. ಹಸಿರುಬಣ್ಣದ ಕಸ, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ತಾಗಿದೆ. ಆಗ ಅವಸರಪಟ್ಟು ಬೆನ್ನು ಹತ್ತಿದರೆ ಅದು ಎದ್ದು ಮೈಲುಗಟ್ಟಲೆ ಹೋಗುತ್ತದೆ.

ಈ ಕಾರಣಕ್ಕೇ ಗುಂಡು ಆಚೆ ಬದಿಯಿಂದ ಹೊರಬೀಳುವುದು ಮುಖ್ಯ. ಅಟ್ಟಣೆಯಿಂದ ಕೆಳಮುಖವಾಗಿ ಹಾರಿಸಿದಾಗ ಒಳಹೋದ ತೂತು ಬೆನ್ನಿನ ಹತ್ತಿರ ಎತ್ತರದಲ್ಲಿರುತ್ತದೆ. ಹೊರಬಿದ್ದ ತೂತು ಕೆಳಗಿಲ್ಲದಿದ್ದರೆ ರಕ್ತವೆಲ್ಲ ಎದೆಗೂಡಿನೊಳಗೇ ತುಂಬಿಕೊಂಡು ನೆಲಕ್ಕೆ ಹನಿಯೂ ಬೀಳುವುದಿಲ್ಲ. ಅಡ್ಡಲಾಗಿ ನಿಂತ ಜಿಂಕೆಗೆ, ಇಲ್ಲವೇ ನಿಮ್ಮಿಂದ ಆಚೆಗೆ ಮುಖ ಮಾಡಿ ಸ್ವಲ್ಪ ಓರೆಯಾಗಿ ನಿಂತದ್ದಕ್ಕೆ, ಆಚೆ ಬದಿಯ ಮುಂಗಾಲನ್ನು ಮನಸ್ಸಿನಲ್ಲಿಟ್ಟು ಗುರಿ ಹಿಡಿಯಿರಿ. ನಿಮಗೆ ಎದುರಾಗಿ ನಿಂತದ್ದನ್ನೂ ಬಾಲ ತೋರಿಸಿ ಹೋಗುತ್ತಿರುವುದನ್ನೂ ಈ ತೋಟಾದಿಂದ ಹೊಡೆಯಲು ಹೋಗಬೇಡಿ.

ಹೊಳೆದಂಡೆ

.357ನ್ನೇ ತೆಗೆದುಕೊಳ್ಳುತ್ತೇನೆ, ರಬ್ಬರ್ ಮೆತ್ತೆ ಇರುವುದನ್ನು. ಕೊನೆಯದಾಗಿ ಒಂದು ಪ್ರಶ್ನೆ: ಭುಜ ಪೂರ್ತಿ ಗುಣವಾಗುವವರೆಗೆ ಅದೇ ರೈಫಲ್ಲಿನಲ್ಲಿ .38 ಸ್ಪೆಷಲ್ ಹಾಕಿ ಅಭ್ಯಾಸ ಮಾಡಬಹುದೇ?

ಮರದ ಹಿಡಿ

ಧಾರಾಳವಾಗಿ ಮಾಡಬಹುದು, .357 ಎಂದು ನಳಿಗೆಯ ಮೇಲೆ ಬರೆದಿರುವ ರೈಫಲ್ಲಿನಲ್ಲಿ .38 ಸ್ಪೆಷಲ್ ಹಾರಿಸಲು ಅಡ್ಡಿಯಿಲ್ಲ, ತಿರುಗುಮುರುಗಾಗಿ ಮಾಡುವಂತಿಲ್ಲ. ಒದೆತ ಇದೆಯೋ ಇಲ್ಲವೋ ಎಂಬಷ್ಟು ಕಡಿಮೆ. ಗಿಡ್ಡ ತೋಟಾ ಆದ್ದರಿಂದ ಕೆಲವು ರೈಫಲ್ಲುಗಳಲ್ಲಿ ಸರಾಗವಾಗಿ ಒಳಗೇರದೆ ಇರಬಹುದು, ಮತ್ತು ಚೇಂಬರಿನ ಮುಂಭಾಗದಲ್ಲಿ ಮಸಿಯ ಉಂಗುರವೊಂದು ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ತೆಗೆಯದಿದ್ದರೆ ಮುಂದೆ .357 ತೋಟಾ ಬಿಗಿಯಾಗಿ ಕೂರುತ್ತದೆ. ಗುಂಡು ಬೀಳುವ ಜಾಗ ಎರಡಕ್ಕೂ ಒಂದೇ ಆಗಿರುವುದಿಲ್ಲ, ಹಾಗಾಗಿ .38ರಲ್ಲಿ ಸೈಟನ್ನು ಹೊಂದಿಸಿಕೊಂಡು ಬೇಟೆಗೆ ಹೊರಡಬೇಡಿ. ಋತುವಿಗೆ ಮೊದಲು ಬೇಟೆಯ ತೋಟಾದಲ್ಲೇ ಮತ್ತೊಮ್ಮೆ ಹೊಂದಿಸಿಕೊಳ್ಳಿ.